ಕೆಂಪು ಸಾಲದು

ಕೆಲಸದ ಜಾಗದಲ್ಲಿ ಅವರನ್ನು ಎಲ್ಲರೂ ಕರೆಯುವುದು ಕಣ್ಣಳತೆ ಎಂದು. ಎದುರಿಗೆ ಕರೆಯುವಾಗ ಕೊನೆಗೊಂದು ಸರ್ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಗೋಡೆಗೆ ಮೊಳೆ ಹೊಡೆಯುವುದಿರಲಿ, ಪರದೆ ಕಟ್ಟುವುದಿರಲಿ, ಟೇಪು ಹಿಡಿಯುವುದು ಅವರ ಜಾಯಮಾನದಲ್ಲೇ ಇಲ್ಲ. ಒಂದು ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ನೋಡಿ, "ಇನ್ನೆರಡು ಬೆರಳು ಎಡಕ್ಕೆ" ಎಂದರೆ ಎರಡೇ ಬೆರಳು. ಅವರು ಅತ್ತ ಹೋದ ಮೇಲೆ ಟೇಪು ಹಿಡಿದು ಪರೀಕ್ಷೆ ಮಾಡಿದವರಿದ್ದಾರೆ. ಮಾಡಿ ಪೆಚ್ಚಾದವರೂ ಅವರೇ.

ಅವರ ಕೆಲಸ ವಿಜ್ಞಾನ ಸಂಗ್ರಹಾಲಯದ ನೆಲಮಾಳಿಗೆಯ ಸಭಾಂಗಣದಲ್ಲಿ. ಕಿಟಕಿಯಿಲ್ಲದ, ನೂರನಲವತ್ತು ಕುರ್ಚಿಗಳ ಹಾಲು. ಬೆಳಿಗ್ಗೆ ಹನ್ನೊಂದಕ್ಕೊಂದು, ಸಂಜೆ ನಾಲ್ಕಕ್ಕೊಂದು ಲೇಸರ್ ಪ್ರದರ್ಶನ. ಕತ್ತಲಲ್ಲಿ ಬೆಳಕಿನ ಗೆರೆಗಳು ಗ್ರಹಗಳಾಗುತ್ತವೆ, ತಿಮಿಂಗಿಲವಾಗುತ್ತವೆ, ನಡೆಯುವ ಮನುಷ್ಯನಾಗುತ್ತವೆ, ನಲವತ್ತು ನಿಮಿಷವಾದ ಮೇಲೆ ಒಂದೇ ಒಂದು ಬಿಳಿ ಗೆರೆಯಾಗಿ ಗೋಡೆಯುದ್ದಕ್ಕೂ ಮಲಗಿ ಮಾಯವಾಗುತ್ತವೆ. ಆ ಗೆರೆಗೆ ಊರಲ್ಲಿ ದೊಡ್ಡ ಹೆಸರು. ಬೇರೆ ಕಡೆ ಲೇಸರ್ ನೋಡಿ ಬಂದವರು ಕೂಡ, "ಅಲ್ಲಿಯ ಬಿಳಿ ಸುಮ್ನೆ ಬಿಳಿ ಕಣ್ರೀ. ಇಲ್ಲಿಯದು ಬೆಚ್ಚಗಿದೆ" ಎನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಕಣ್ಣಳತೆಯವರು ಒಳಗೊಳಗೇ ಉಬ್ಬಿ, ಹೊರಗೆ ಏನೂ ಆಗದವರಂತೆ ವೈರು ಸುತ್ತುತ್ತಿದ್ದರು. ಬೆಳಕು ಬೆಚ್ಚಗಿರುವುದು ಎಂದರೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಜನರಿಗೆ ಹೊಗಳಿಕೆ ಉಕ್ಕಿದರೆ ಏನೇನೋ ಮಾತು ಬರುತ್ತದೆ ಎಂದುಕೊಂಡಿದ್ದರು.

ಲೇಸರಿನಲ್ಲಿ ಬಿಳಿ ಅಂತ ಬೇರೆ ಬೆಳಕಿಲ್ಲ. ಕೆಂಪು, ಹಸಿರು, ನೀಲಿ ಮೂರನ್ನೂ ಹದವಾಗಿ ಬೆರೆಸಿದರೆ ಬಿಳಿ. ಆ ಹದಕ್ಕೆ ಮೀಟರುಗಳಿವೆ. ಇವರು ಮುಟ್ಟಿದವರಲ್ಲ. ಮೂರು ತಿರುಪು, ಎದುರಿಗೆ ಖಾಲಿ ಗೋಡೆ, ಮುಚ್ಚಿದ ಒಂದು ಕಣ್ಣು, ಇಷ್ಟರಲ್ಲೇ ಇಪ್ಪತ್ತೇಳು ವರ್ಷ ಹದ ಹಿಡಿದರು. ಹಳೆಯ ಪ್ರೊಜೆಕ್ಟರಿನಲ್ಲಿ ಕೆಂಪು ಸಾಲದು ಎಂದು ಹಟ ಹಿಡಿದು ಮೂರು ಸಲ ಇನ್ನೂ ದೊಡ್ಡ ಕೆಂಪು ಲೇಸರ್ ಹಾಕಿಸಿದ್ದರು. ಕೇಳಿದ್ದು ಕಣ್ಣಳತೆ, ಇಲ್ಲ ಎನ್ನುವವರು ಯಾರು?

ಈ ವರ್ಷ ಆ ಹಳೆಯ ವ್ಯವಸ್ಥೆ ಕೈಕೊಟ್ಟಿತು. ಕಂಪ್ಯೂಟರಿನೊಳಗಿನ ಒಂದು ಕಾರ್ಡು ಸುಟ್ಟಿತು, ಅಂಥದ್ದು ಈಗ ಗುಜರಿಯಲ್ಲೂ ಸಿಗುವುದಿಲ್ಲ. ಸಂಗ್ರಹಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಮೇಡಂ, ಹೊಸ ಪ್ರೊಜೆಕ್ಟರ್ ತರಿಸಿ ಇವರನ್ನು ಕರೆದರು.

"ಪ್ರೊಜೆಕ್ಟರ್ ಬಂತು. ಅದನ್ನ ನಡೆಸೋ ಸಾಫ್ಟ್‌ವೇರು, ಮಧ್ಯದ ಪರಿವರ್ತಕ, ಎರಡನ್ನೂ ನೀವೇ ಆರಿಸಿ. ನಂಗೆ ಅದರಲ್ಲಿ ಗಂಧಗಾಳಿ ಇಲ್ಲ. ಆದ್ರೆ ಶನಿವಾರದೊಳಗೆ ಆಗ್ಬೇಕು. ಯಾವುದೂ ಸರಿಹೋಗಲಿಲ್ಲ ಅಂತಾದ್ರೆ ಹಾಲನ್ನ ಸಿನಿಮಾ ಪರದೆಗೆ ಕೊಟ್ಟುಬಿಡೋದು ಅಂತ ಸಮಿತಿಯವರು ತೀರ್ಮಾನ ಮಾಡಿದಾರೆ. ನಾನು ಎಷ್ಟು ಹೇಳಿದ್ರೂ ಕೇಳ್ತಿಲ್ಲ."

ಸಿನಿಮಾ ಪರದೆಗೆ ಗುಂಡಿ ಒತ್ತುವವರು ಸಾಕು. ಕಣ್ಣಳತೆ ಬೇಕಿಲ್ಲ. ಮೇಡಂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಇವರಿಗೆ ಹೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ.

ಪರಿವರ್ತಕ ಎಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ಗೆರೆ ಎಲ್ಲಿಂದ ಎಲ್ಲಿಗೆ, ಯಾವ ಬಣ್ಣದಲ್ಲಿ ಎಂದು ಸಾಫ್ಟ್‌ವೇರು ಹೇಳುವುದು ಅಂಕಿಗಳಲ್ಲಿ. ಪ್ರೊಜೆಕ್ಟರಿನೊಳಗೆ ಬೆಳಕನ್ನು ತಿರುಗಿಸುವ ಎರಡು ಪುಟ್ಟ ಕನ್ನಡಿಗಳಿಗಾಗಲಿ, ಮೂರು ಲೇಸರುಗಳಿಗಾಗಲಿ ಅಂಕಿ ತಿಳಿಯದು, ತಿಳಿಯುವುದು ವೋಲ್ಟೇಜು ಮಾತ್ರ. ಅಂಕಿಯ ಮಾತನ್ನು ವೋಲ್ಟೇಜಿಗೆ ದಾಟಿಸುವ ದುಭಾಷಿ ಈ ಪೆಟ್ಟಿಗೆ. ದುಭಾಷಿ ತಡವರಿಸಿದರೆ ತಿಮಿಂಗಿಲದ ಬಾಲ ತುಂಡಾಗುತ್ತದೆ.

ಪೆಟ್ಟಿಗೆಗಳನ್ನು ತಂದು ತೋರಿಸುವವಳು ಅಂಗಡಿಯೊಂದರ ತಂತ್ರಜ್ಞೆ. ಮೂವತ್ತರ ಆಸುಪಾಸು, ಮಾತು ಕಡಿಮೆ, ಬೆನ್ನಿಗೊಂದು ಚೀಲ, ಚೀಲದ ತುಂಬ ಕೇಬಲ್ಲು. ಸೋಮವಾರ ಮೊದಲ ಪೆಟ್ಟಿಗೆ ಬಂತು. ಕಣ್ಣಳತೆಯವರ ಪರೀಕ್ಷೆ ಅಂದರೆ ಹೆಣ್ಣು ಕೊಡುವ ಮನೆಯವರ ವಿಚಾರಣೆಯ ಹಾಗೆ, ಏನನ್ನೂ ಬಿಡುವುದಿಲ್ಲ. ಮೊದಲು ಚೌಕ ಬರೆಸಿದರು. ಮೂಲೆಗಳು ಚೂಪಾಗಿ ನಿಲ್ಲುತ್ತವೋ ದುಂಡಗಾಗುತ್ತವೋ ನೋಡಬೇಕಲ್ಲ. ಆಮೇಲೆ ವೃತ್ತ, ನಿಧಾನವಾಗಿ, ಜೋರಾಗಿ. ಆಮೇಲೆ ಪ್ರದರ್ಶನ ನಡೆಯುತ್ತಿರುವಾಗಲೇ ಕೇಬಲ್ಲನ್ನು ಸರಕ್ಕನೆ ಕಿತ್ತರು.

"ಅಯ್ಯೋ, ಯಾಕ್ ಸರ್ ಕಿತ್ತಿದ್ದು?" ಎಂದಳು ತಂತ್ರಜ್ಞೆ.

"ಕೇಬಲ್ ಹೋದ್ರೆ ಬೆಳಕೂ ಹೋಗ್ಬೇಕಮ್ಮ. ಕನ್ನಡಿ ನಿಂತು ಬೆಳಕು ಮಾತ್ರ ಉಳಿದ್ರೆ, ಅಷ್ಟೂ ಬೆಳಕು ಒಂದೇ ಕಡೆ ನಿಂತುಬಿಡುತ್ತೆ. ಅಲ್ಲಿ ಯಾರದಾದ್ರೂ ಕಣ್ಣಿದ್ರೆ?"

ಅವಳು ಆ ಮಾತನ್ನು ಫೋನಿನಲ್ಲಿ ಬರೆದುಕೊಂಡಳು. ಮೊದಲ ಪೆಟ್ಟಿಗೆ ಬೆಳಕು ಕಡಿಯಲು ಒಂದು ಕ್ಷಣ ತಡ ಮಾಡಿತು. ಅದರ ಸಾಫ್ಟ್‌ವೇರು ನೋಡಲು ಅಂದಚೆಂದವಾಗಿತ್ತು, ಆದರೆ ತನ್ನ ಮನೆಯ ಪೆಟ್ಟಿಗೆಯ ಜೊತೆ ಬಿಟ್ಟು ಬೇರೆಯದರ ಜೊತೆ ಮಾತೇ ಆಡುವುದಿಲ್ಲ. "ನಾಳೆ ಆ ಕಂಪನಿ ಮುಚ್ಚಿದ್ರೆ ನಾವೂ ಮುಚ್ಚಬೇಕು" ಎಂದರು. ಎರಡನೆಯದು ನೆಟ್‌ವರ್ಕ್ ತಂತಿಯ ಮೇಲೆ ಓಡುವಂಥದ್ದು, ಯಾವ ಸಾಫ್ಟ್‌ವೇರಿಗೂ ಒಗ್ಗುತ್ತದೆ. ಆದರೆ ಮೇಲಿನ ಕಚೇರಿಯಲ್ಲಿ ಯಾರೋ ದೊಡ್ಡ ಫೈಲು ಕಳಿಸಿದರೆ ಕೆಳಗೆ ಗ್ರಹಗಳು ತೊದಲುತ್ತವೆ. ಗುರುವಾರ ಬಂದ ಮೂರನೆಯದರ ಸಾಫ್ಟ್‌ವೇರು ನೋಡಲು ಸಪ್ಪೆ, ಬೂದು ಕಿಟಕಿ, ಸಣ್ಣ ಅಕ್ಷರ. ಕೆಲಸ ಮಾತ್ರ ಗಟ್ಟಿ. ಪೆಟ್ಟಿಗೆಯಲ್ಲೇ ಒಂದು ಮೆಮೊರಿ ಕಾರ್ಡು, ಕಂಪ್ಯೂಟರ್ ಕೆಟ್ಟ ದಿನ ಅದರಿಂದಲೇ ಪ್ರದರ್ಶನ ನಡೆಸಬಹುದು. ಕೇಬಲ್ ಕಿತ್ತರೆ ತಟ್ಟನೆ ಕತ್ತಲು. ಕಣ್ಣಳತೆಯವರು ನಾಲ್ಕು ಸಲ ಕಿತ್ತರು, ನಾಲ್ಕು ಸಲವೂ ಕತ್ತಲು. ತಂತ್ರಜ್ಞೆಯ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು.

"ಈಗ ಬಿಳಿ ಗೆರೆ" ಎಂದರು ಕಣ್ಣಳತೆ.

ಬಿಳಿ ಗೆರೆ ಗೋಡೆಗೆ ಬಂತು. ಅವರು ಕಣ್ಣು ಮುಚ್ಚಿದರು, ತೆರೆದರು, ತಲೆ ವಾಲಿಸಿದರು. ಮುಖ ಹುಳ್ಳಗಾಯಿತು.

"ಇದೂ ಹಸಿರು ಹೊಡೀತಿದೆ."

ಸೋಮವಾರ ಹೇಳಿದ್ದೂ ಅದೇ, ಮಂಗಳವಾರ ಹೇಳಿದ್ದೂ ಅದೇ. ಕೆಂಪಿನ ತಂತಿಗೆ ಪೆಟ್ಟಿಗೆ ಪೂರ್ತಿ ವೋಲ್ಟೇಜು ಕೊಡುತ್ತಿಲ್ಲ, ಒಳಗೇ ನುಂಗುತ್ತಿದೆ ಎಂಬುದು ಅವರ ತೀರ್ಪು. ಹಸಿರು, ನೀಲಿ ಇಳಿಸಿ ಸರಿದೂಗಿಸಿದರೆ ಗೆರೆಯೇ ಮಂಕಾಗುತ್ತದೆ, ಅದು ಅವರಿಗೆ ಒಪ್ಪಿಗೆಯಿಲ್ಲ. ತಂತ್ರಜ್ಞೆ ಮೀಟರಿನ ಕಡ್ಡಿಗಳನ್ನು ಒಂದೊಂದೇ ತಂತಿಗೆ ಹಿಡಿದಳು.

"ಮೂರಕ್ಕೂ ಐದು ವೋಲ್ಟ್ ಬರ್ತಿದೆ ಸರ್. ಹಂಗಾದ್ರೆ ಪ್ರೊಜೆಕ್ಟರಲ್ಲೇ ಕೆಂಪು ಕಮ್ಮಿ ಇರ್ಬೇಕು." ಚೀಲದಿಂದ ಬೆಳಕು ಅಳೆಯುವ ಇನ್ನೊಂದು ಮೀಟರ್ ತೆಗೆದು ಗೋಡೆಗೆ ಹಿಡಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ಇಲ್ಲ ಸರ್. ಬಿಳಿ ಅಂತಲೇ ತೋರಿಸ್ತಿದೆ."

"ಮೀಟರ್‌ಗೇನಮ್ಮ, ಅದು ಟಿಕೆಟ್ ತಗೊಂಡು ಬಂದಿದೆಯಾ ನೋಡೋದಕ್ಕೆ?"

"ಸರ್, ಮೂರೂ ಬೇರೆ ಬೇರೆ ಕಂಪನಿದು. ಮೂರೂ ಹಸಿರು ಹೊಡೀತಾವಾ?"

"ಈಗಿನ ಕಾಲದಲ್ಲಿ ಎಲ್ಲಾ ಒಂದೇ ಕಾರ್ಖಾನೇಲಿ ಮಾಡಿ ಬೇರೆ ಬೇರೆ ಡಬ್ಬಕ್ಕೆ ಹಾಕ್ತಾರೆ."

ಅವಳು ಮೀಟರನ್ನು ಆರಿಸಿದಳು. ಕೇಬಲ್ ಸುತ್ತಿ ಚೀಲಕ್ಕೆ ಹಾಕುತ್ತ, "ಅಂಗಡಿ ಯಜಮಾನರು ಕೇಳ್ತಾರೆ ಸರ್. ಮೂರು ವಾಪಸ್ ಬಂದ್ರೆ ನಾನೇ ಸರಿಯಾಗಿ ಜೋಡಿಸಿಲ್ಲ ಅಂತಾರೆ. ದಯವಿಟ್ಟು ವರದೀಲಿ ಕಾರಣ ಸ್ಪಷ್ಟವಾಗಿ ಬರೀರಿ" ಎಂದಷ್ಟೇ ಹೇಳಿ ಹೋದಳು.

ಅವರು ಸ್ಪಷ್ಟವಾಗಿಯೇ ಬರೆದರು. ಮೂರೂ ಪರಿವರ್ತಕಗಳು ದೋಷಪೂರಿತ, ಕೆಂಪು ಸಾಲದು, ಇಂಥ ಬಿಳಿಯನ್ನು ಜನರ ಮುಂದೆ ಇಡಲು ಸಾಧ್ಯವಿಲ್ಲ. ಇದನ್ನು ಕೊಟ್ಟರೆ ಹಾಲು ಸಿನಿಮಾ ಪರದೆಗೆ ಹೋಗುತ್ತದೆ, ಜೊತೆಗೆ ತಾನೂ ಮೂಲೆಗೆ ಬೀಳುತ್ತೇನೆ ಎಂದು ಚೆನ್ನಾಗಿ ಗೊತ್ತಿದ್ದೂ ಬರೆದರು. ಹಸಿರು ಗೆರೆ ತೋರಿಸಿ ಹೆಸರು ಕೆಡಿಸಿಕೊಳ್ಳುವುದಕ್ಕಿಂತ ಬಾಗಿಲು ಹಾಕುವುದೇ ಮರ್ಯಾದೆ ಎಂಬ ಹಟ. ಹಟಕ್ಕೆ ಬಿದ್ದ ಮನುಷ್ಯನಿಗೆ ಒಂದು ಥರ ಸುಖವೂ ಇರುತ್ತದೆ, ಗುರುವಾರ ಸಂಜೆ ಅವರು ಆ ಸುಖದಲ್ಲೇ ಮನೆಗೆ ಬಂದರು.

ಮನೆಯ ಮುಂದಿನ ಕೋಣೆ ಹೆಂಡತಿಯ ಕೆಲಸದ ಜಾಗ. ಆಕೆ ರಫೂ ಮಾಡುವವರು. ಹರಿದ ಕೋಟು, ಇಲಿ ಕಡಿದ ಶಾಲು, ಸಿಗರೇಟು ಸುಟ್ಟ ಪ್ಯಾಂಟು ಏನೇ ಬರಲಿ, ಬಟ್ಟೆಯ ಬಣ್ಣಕ್ಕೆ ಸರಿಯಾಗಿ ಹೊಂದುವ ದಾರ ಆರಿಸಿ, ನೇಯ್ಗೆಯ ಮೇಲೆ ನೇಯ್ಗೆ ಹಾಕಿ, ಹರಿದದ್ದು ಎಲ್ಲಿ ಎಂದು ತಂದವರಿಗೇ ತಿಳಿಯದ ಹಾಗೆ ಮಾಡಿಕೊಡುವುದು. ಗೋಡೆಯ ಒಂದು ಬದಿ ಪೂರ್ತಿ ದಾರದ ಉಂಡೆಗಳ ಖಾನೆ. ಬೂದಿಯಲ್ಲೇ ಹತ್ತೊಂಬತ್ತು ಬಗೆ ಇವೆ ಎಂದು ಆಕೆ ಲೆಕ್ಕ ಹೇಳಿದರೆ ಗಂಡ ನಗುತ್ತಿದ್ದರು.

ವರದಿಯನ್ನು ಅವರು ಗಟ್ಟಿಯಾಗಿ ಓದಿದರು. ಆಕೆಯ ಕೈ ‘ಕೆಂಪು ಸಾಲದು’ ಎಂಬಲ್ಲಿ ನಿಂತಿತು.

"ರೀ, ಇದನ್ನ ನಾಳೆ ಕೊಡ್ತೀರಾ?"

"ಮತ್ತೆ? ಫ್ರೇಮ್ ಹಾಕ್ಸಿ ಗೋಡೆಗೆ ತಗುಲಿಸ್ಲಾ?"

ಆಕೆ ಎದ್ದು ಹೋಗಿ ಖಾನೆಗಳಿಂದ ಮೂರು ಉಂಡೆ ತಂದು ಮೇಜಿನ ಮೇಲಿಟ್ಟರು. "ಇದರಲ್ಲಿ ಬೂದಿ ಬಣ್ಣದ್ದು ಕೊಡಿ."

"ಇದೇನು ಆಟ?"

"ಕೊಡಿ ಅಂದ್ರೆ ಕೊಡಿ."

ಅವರು ನಡುವಿನದನ್ನು ಎತ್ತಿ ಕೊಟ್ಟರು. ಆಕೆ ಅದನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ, "ಇದು ಗುಲಾಬಿ" ಎಂದರು.

ಅವರು ನಕ್ಕರು. ಹೆಂಡತಿ ಕಾಲೆಳೆಯುತ್ತಿದ್ದಾಳೆ ಎಂದುಕೊಂಡರು. ಆಕೆಯ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತಿತು.

"ಮದುವೆಯಾದ ವರ್ಷ ಬೂದಿ ದಾರ ತನ್ನಿ ಅಂತ ಅಂಗಡಿಗೆ ಕಳ್ಸಿದ್ದೆ. ಹನ್ನೆರಡು ಉಂಡೆ ಗುಲಾಬಿ ತಂದ್ರಿ. ಅಂಗಡಿಯವನು ಮೋಸ ಮಾಡ್ದ ಅಂತ ಅಂದ್ಕೊಂಡೆ. ಮುಂದಿನ ತಿಂಗಳು ಹಸಿರು ಅಂದ್ರೆ ಕಂದು ತಂದ್ರಿ. ಆಗ ಗೊತ್ತಾಯ್ತು. ಆಮೇಲೆ ನಿಮ್ಮನ್ನ ದಾರಕ್ಕೆ ಕಳಿಸಲೇ ಇಲ್ಲ. ನಿಮ್ಮ ಕಣ್ಣಿಗೆ ಕೆಂಪು ಕಮ್ಮಿ ಕಾಣುತ್ತೆ, ರೀ. ಪೆಟ್ಟಿಗೆಗಳದು ಏನೂ ತಪ್ಪಿಲ್ಲ."

ಅವರು ವರದಿ ಕೆಳಗಿಟ್ಟರು. "ಹಂಗಾದ್ರೆ ನನ್ನ ಬಿಳಿ?"

"ನಿಮ್ಮದು ಬಿಳಿ ಅಲ್ಲ. ಗುಲಾಬಿ."

"ಇಪ್ಪತ್ತೇಳು ವರ್ಷ ಸುಮ್ನೆ ಇದ್ಯಲ್ಲೇ. ಒಂದ್ ಮಾತು ಹೇಳೋದಲ್ವಾ?"

"ಜನ ಅದನ್ನ ನೋಡೋಕೆ ಸಾಲಲ್ಲಿ ನಿಲ್ತಿದ್ರು. ನೀವು ಅಷ್ಟು ಖುಷಿಯಾಗಿ ಮನೆಗೆ ಬರ್ತಿದ್ರಿ. ನಾನ್ಯಾಕೆ ಹೇಳ್ಲಿ? ಈಗ ಹೇಳ್ದೆ ಇದ್ರೆ ಆ ಹುಡುಗಿ ತಲೆಗೆ ಬರುತ್ತೆ, ನಿಮ್ಮ ಕೆಲಸಾನೂ ಹೋಗುತ್ತೆ. ಅದಕ್ಕೆ ಹೇಳಿದೆ."

ಅವತ್ತು ಊಟದಲ್ಲಿ ಅವರು ಅನ್ನ ಕಲಸುತ್ತಲೇ ಕೂತರು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಶಾಲೆಯಲ್ಲಿ ಮರದ ಎಲೆಗಳಿಗೆ ಕಂದು ಬಣ್ಣ ಹಚ್ಚಿ, ಕೀಟಲೆ ಮಾಡ್ತೀಯಾ ಎಂದು ಏಟು ತಿಂದದ್ದು ನೆನಪಾಯಿತು. ಮಾಗಿದ ಟೊಮೆಟೊ ಆರಿಸಲು ತಾನು ಯಾವಾಗಲೂ ಒತ್ತಿ ನೋಡುವುದು, ತರಕಾರಿಯವಳು ಅದಕ್ಕೆ ಬೈಯುವುದು ನೆನಪಾಯಿತು. ಮೂರು ಸಲ ದೊಡ್ಡದು ಮಾಡಿಸಿದ ಆ ಕೆಂಪು ಲೇಸರ್ ನೆನಪಾಗಿ ಕಿವಿ ಬಿಸಿಯಾಯಿತು. ಎಲ್ಲರೂ ಬೆಚ್ಚಗಿದೆ, ಬೆಚ್ಚಗಿದೆ ಎನ್ನುತ್ತಿದ್ದುದು ಬರೀ ಮಾತಿನ ಬೆಡಗಲ್ಲ. ಜನ ಕಂಡದ್ದನ್ನೇ ಹೇಳುತ್ತಿದ್ದರು.

ವರದಿ ಬ್ಯಾಗಿನಲ್ಲೇ ಇತ್ತು. ಕೊಟ್ಟುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಲು ಮುಚ್ಚುತ್ತದೆ, ಕಣ್ಣಳತೆಯ ಹೆಸರು ಮಾತ್ರ ಹಾಗೇ ಉಳಿಯುತ್ತದೆ. ನಿಜ ಹೇಳಿದರೆ ಹಾಲು ಉಳಿಯುತ್ತದೆ, ಹೆಸರು ಹೋಗುತ್ತದೆ. ಕೈ ತೊಳೆಯುವಾಗ ಈ ಲೆಕ್ಕ ಅವರ ತಲೆಗೆ ಬಂದದ್ದು ಸುಳ್ಳಲ್ಲ. ಅವರೇನು ದೇವಮಾನವರಲ್ಲ.

ಶುಕ್ರವಾರ ಬೆಳಿಗ್ಗೆ ಮೇಡಂ ಕೋಣೆಯಲ್ಲಿ ತಂತ್ರಜ್ಞೆಯೂ ಕೂತಿದ್ದಳು, ಮಡಿಲಲ್ಲಿ ಮೂರನೆಯ ಪೆಟ್ಟಿಗೆ. ವಾಪಸ್ ಒಯ್ಯಲು ಬಂದಿದ್ದಳು. ಕಣ್ಣಳತೆಯವರು ಕೂರಲಿಲ್ಲ.

"ಮೇಡಂ, ಮೂರೂ ಪೆಟ್ಟಿಗೆ ಸರಿಯಾಗಿವೆ. ಬಣ್ಣದಲ್ಲಿ ತಪ್ಪಿಲ್ಲ. ತಪ್ಪಿರೋದು ನನ್ನ ಕಣ್ಣಲ್ಲಿ. ನಂಗೆ ಕೆಂಪು ಸರಿಯಾಗಿ ಕಾಣಲ್ಲ. ಇಷ್ಟು ವರ್ಷ ಕಾಣ್ತಿರ್ಲಿಲ್ಲ ಅನ್ನೋದು ನಿನ್ನೆ ಗೊತ್ತಾಯ್ತು." ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ಉಸಿರೆಳೆದುಕೊಂಡು ಮುಂದುವರಿಸಿದರು. "ಮೂರನೇದನ್ನ ತಗೊಳ್ಳಿ. ಸಾಫ್ಟ್‌ವೇರ್ ನೋಡೋಕೆ ಸಪ್ಪೆ, ಆದ್ರೆ ಮೂಲೆ ಚೂಪು, ಕೇಬಲ್ ಹೋದ್ರೆ ಬೆಳಕು ತಕ್ಷಣ ಹೋಗುತ್ತೆ. ಬಿಳಿಯನ್ನ ಈ ಹುಡುಗಿ ಮೀಟರ್ ಹಿಡ್ದು ಹೊಂದಿಸ್ಲಿ."

 ತಂತ್ರಜ್ಞೆ ತಲೆ ತಗ್ಗಿಸಿ ಪೆಟ್ಟಿಗೆಯ ತಿರುಪನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕೇಬಲ್ ಕಿತ್ತು ನೋಡ್ಬೇಕು ಅಂತ ಮೀಟರಿಗೆ ಹೊಳೀತಾ?" ಎಂದು ಕೇಳಿದರು.

"ಇಲ್ಲ ಮೇಡಂ" ಎಂದವಳು ತಂತ್ರಜ್ಞೆ. "ನಮ್ ಅಂಗಡೀಲೇ ಯಾರಿಗೂ ಹೊಳೆದಿರ್ಲಿಲ್ಲ."

"ಹಂಗಾದ್ರೆ ಬಣ್ಣ ಮೀಟರ್ ನೋಡ್ಕೊಳ್ಳಲಿ, ಮಿಕ್ಕಿದ್ದು ನೀವು ನೋಡ್ಕೊಳ್ಳಿ. ಸಮಿತಿಗೆ ನಾನು ಹೇಳ್ತೀನಿ. ಶನಿವಾರ ಹನ್ನೊಂದಕ್ಕೆ ಪ್ರದರ್ಶನ ಇಟ್ಕೊಳ್ಳೋಣ."

ಅಷ್ಟು ಸಲೀಸಾಗಿ ಮುಗಿದದ್ದಕ್ಕೆ ಅವರಿಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ತಂತ್ರಜ್ಞೆ ಹಿಂದೆಯೇ ಬಂದು, "ಥ್ಯಾಂಕ್ಸ್ ಸರ್" ಎಂದಾಗ ಅವರು ಕೆಮ್ಮಿ, "ಮೆಟ್ಟಿಲು ನೋಡ್ಕೊಂಡು ಇಳಿಯಮ್ಮ" ಎಂದರು.

ಶನಿವಾರ ಹಾಲು ತುಂಬಿತ್ತು. ಹೆಂಡತಿ ಐದನೆಯ ಸಾಲಿನ ತುದಿಯಲ್ಲಿ ಕೂತಿದ್ದರು. ಮೇಲಿನ ಗಾಜಿನ ಕೋಣೆಯಲ್ಲಿ ಕಣ್ಣಳತೆಯವರು ಆ ಬೂದು ಕಿಟಕಿಯ ಸಾಫ್ಟ್‌ವೇರಿನ ಮುಂದೆ. ಗ್ರಹಗಳು ಬಂದವು, ಒಂದೂ ತೊದಲಲಿಲ್ಲ. ತಿಮಿಂಗಿಲದ ಬಾಲ ಇಷ್ಟು ವರ್ಷದಲ್ಲಿ ಎಂದೂ ಇಷ್ಟು ನಯವಾಗಿ ತಿರುಗಿರಲಿಲ್ಲ. ಕೊನೆಗೆ ಬಿಳಿ ಗೆರೆ ಬಂದು ಗೋಡೆಯುದ್ದಕ್ಕೂ ಮಲಗಿತು.

ಅವರ ಕಣ್ಣಿಗೆ ಅದು ಹಸಿರೇ. ತಣ್ಣಗೆ, ಕಾಯಿಲೆಯವರ ಮುಖದ ಹಾಗೆ. ಪರದೆಯ ಮೇಲೆ ಮೂರೂ ಬಣ್ಣಗಳ ಪಟ್ಟಿ ಅಲ್ಲೇ ಇದ್ದವು, ಹಸಿರನ್ನೂ ನೀಲಿಯನ್ನೂ ಒಂದು ಚೂರು ಇಳಿಸಿದರೆ ಸಾಕು, ಗೆರೆ ಮಂಕಾದರೂ ಅವರಿಗೆ ಬಿಳಿ ಕಂಡುಬಿಡುತ್ತಿತ್ತು. ಬೆರಳು ಒಂದಲ್ಲ ಎರಡು ಸಲ ಅಲ್ಲಿಗೆ ಹೋಯಿತು. ಎರಡು ಸಲವೂ ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಗೆರೆ ಪೂರ್ತಿ ಹೊತ್ತು ಇದ್ದು, ಮಾಯವಾಯಿತು. ಜನ ಚಪ್ಪಾಳೆ ತಟ್ಟಿದರು. ತಪ್ಪಾಗಿ ಕಾಣುವ ಬೆಳಕನ್ನು ಮುಟ್ಟದೆ ಬಿಡುವುದು ಅವರ ಮಟ್ಟಿಗೆ ಇಪ್ಪತ್ತೇಳು ವರ್ಷದಲ್ಲಿ ಅತಿ ಕಷ್ಟದ ಕೆಲಸವಾಗಿತ್ತು.

ಹಾಲು ಖಾಲಿಯಾದ ಮೇಲೆ ಹೆಂಡತಿ ಮೆಟ್ಟಿಲು ಹತ್ತಿ ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತರು.

"ಬಿಳಿ ಇತ್ತಾ?"

"ಇತ್ತು. ಅಚ್ಚ ಬಿಳಿ."

"ಚೆನ್ನಾಗಿತ್ತಾ?"

ಆಕೆ ಸುಳ್ಳು ಹೇಳುವವರಲ್ಲ, ನಿಜವನ್ನು ಹೇಳದೆ ಇರಬಲ್ಲವರು. ಇವತ್ತು ಅದೂ ಮಾಡಲಿಲ್ಲ. "ಮೊದಲಿನದೇ ಚೆನ್ನಾಗಿತ್ತು, ರೀ."

ಅವರು ಗಾಜಿನತ್ತ ತಿರುಗಿದರು. ಕೆಳಗೆ ಯಾರೋ ಕುರ್ಚಿಗಳ ನಡುವೆ ಕಸ ಗುಡಿಸುತ್ತಿದ್ದರು. ಊರಿಗೆಲ್ಲ ಇಪ್ಪತ್ತೇಳು ವರ್ಷ, ದಿನಕ್ಕೆರಡು ಸಲ ತೋರಿಸಿದ್ದನ್ನು ತಾನೊಬ್ಬನೇ ಒಂದು ಸಲವೂ ನೋಡಿಲ್ಲ ಎಂಬುದು ಆಗ ಅವರಿಗೆ ಪೂರ್ತಿಯಾಗಿ ಅರ್ಥವಾಯಿತು. ಇನ್ನು ನೋಡುವ ಹಾಗೂ ಇಲ್ಲ, ಯಾರೂ ನೋಡುವ ಹಾಗಿಲ್ಲ.

"ಹೇಗಿತ್ತು ಅದು?" ಎಂದು ಕೇಳಿದರು. "ನಂಗೆ ಅರ್ಥ ಆಗೋ ಹಾಗೆ ಹೇಳು."

ಆಕೆ ಯೋಚಿಸಿದರು. ಬಣ್ಣದ ಹೆಸರು ಹೇಳಿ ಉಪಯೋಗವಿಲ್ಲ.

"ನಮ್ಮ ಮಗಳು ಕೂಸಾಗಿದ್ದಾಗ ನೀವೇ ಅಲ್ವಾ ಸ್ನಾನ ಮಾಡಿಸ್ತಿದ್ದಿದ್ದು. ಬಿಸಿನೀರು ಹಾಕಿ, ಟವೆಲ್ಲಲ್ಲಿ ಸುತ್ತಿ ಎತ್ಕೊಂಡ್ ಬರ್ತಿದ್ರಲ್ಲ. ಆಗ ಅವಳ ಕೆನ್ನೆ ಇರ್ತಿತ್ತಲ್ಲ, ಹಂಗಿತ್ತು."

ಕೆನ್ನೆಯ ಬಣ್ಣ ಅವರಿಗೆ ಗೊತ್ತಿರಲಿಲ್ಲ. ಆದರೆ ಹಾಗೆ ಎತ್ತಿಕೊಂಡು ಬರುವಾಗ ಆ ಕೆನ್ನೆಯನ್ನು ತಮ್ಮ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಅದರ ಬಿಸಿ ಈಗಲೂ ನೆನಪಿತ್ತು. ಅವರು ಕಣ್ಣು ಮುಚ್ಚಿಕೊಂಡು ಕೂತರು, ಈ ಸಲ ಎರಡನ್ನೂ.

"ಹಂಗಾದ್ರೆ ಚೆನ್ನಾಗೇ ಇತ್ತು ಬಿಡು" ಎಂದರು.